ಗಡಿ ಯಾವಾಗ ಬದಲಾಗುತ್ತದೆ ಅಂತ ನನ್ನನ್ನು ಕೇಳಬೇಡಿ

ಪ್ರಶ್ನೆ: ಕುಂಬಳೆ ಹತ್ತಿರ ಜಾಗ ಇದೆ. ಗೇರುಬೀಜದ ಫ್ಯಾಕ್ಟರಿ ಹಾಕುವ ಯೋಚನೆ, ಸಾಲ 12 ವರ್ಷದ್ದು. ನಾಳೆ ಕಾಸರಗೋಡು ಕರ್ನಾಟಕಕ್ಕೆ ಸೇರಿದರೆ ನಮ್ಮ ದಾಖಲೆಗಳ ಗತಿ ಏನು? ಸ್ವಲ್ಪ ಕಾಯಲಾ?

ಉತ್ತರ: ಈ ತಿಂಗಳು ಇದೇ ಪ್ರಶ್ನೆ ಮೂರನೇ ಸಲ. ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಆಗಿನ ಮೈಸೂರಿಗೆ ಕೊಡಿ ಅಂತ ಮಹಾಜನ್ ಆಯೋಗ ಹೇಳಿದ್ದು 1967ರಲ್ಲಿ. ಅದನ್ನು ನಂಬಿ ಕೂತಿದ್ದರೆ ನಿಮ್ಮ ಅಪ್ಪ ತೋಟಕ್ಕೆ ಒಂದು ಅಡಿಕೆ ಸಸಿಯನ್ನೂ ಇಡುತ್ತಿರಲಿಲ್ಲ, ಅಲ್ವಾ? ಗಡಿ ಕದಲಬೇಕಾದರೆ ಸಂಸತ್ತು ಕಾನೂನು ಮಾಡಬೇಕು. ಮಾಡಿತು ಅಂತಲೇ ಇಟ್ಟುಕೊಳ್ಳಿ, ಕ್ರಯಪತ್ರವೇನೂ ರದ್ದಿ ಆಗುವುದಿಲ್ಲ. 1956ರಲ್ಲಿ ನಾವು ಮದ್ರಾಸಿನಿಂದ ಕೇರಳಕ್ಕೆ ಬಂದಾಗಲೂ ಹಳೇ ಕಾನೂನು, ಹೊಸಬರು ತಿದ್ದುವವರೆಗೆ ಹಾಗೇ ನಡೆಯಲಿ ಅಂತ ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 119ನೇ ಕಲಮಿನಲ್ಲೇ ಬರೆದಿದ್ದರು.

ದುಡ್ಡು ಹಾಕುವವರು ನೋಡುವುದು ಒಂದೇ: ಕೊನೇ ಕಂತು ಕಟ್ಟುವುದರೊಳಗೆ ಕಾನೂನು ಯಾರ ಕೈಗೆ ಹೋಗುತ್ತದೆ? ಹಾಂಗ್‌ಕಾಂಗ್ ನೋಡಿ. ಅಲ್ಲಿನ ಹೆಚ್ಚಿನ ನೆಲ ಬ್ರಿಟಿಷರಿಗೆ ಚೀನಾದಿಂದ ಗುತ್ತಿಗೆಗೆ ಸಿಕ್ಕಿದ್ದು, ಅವಧಿ 1997ರವರೆಗೆ. 1950ರ ದಶಕದಲ್ಲಿ ಯಾರಿಗೂ ಅದರ ಚಿಂತೆ ಇರಲಿಲ್ಲ. 1970ರ ದಶಕ ಮುಗಿಯುವ ಹೊತ್ತಿಗೆ 15-20 ವರ್ಷದ ಸಾಲಗಳು ಆ ತಾರೀಖನ್ನು ದಾಟತೊಡಗಿದವು, ಬ್ಯಾಂಕಿನವರಿಗೆ ನಡುಕ ಶುರುವಾಯಿತು. 1983ರಲ್ಲಿ ಚೀನಾ-ಬ್ರಿಟನ್ ಮಾತುಕತೆ ಕೆಟ್ಟು ಅಲ್ಲಿನ ಡಾಲರ್ ಕುಸಿಯಿತು. ಅಕ್ಟೋಬರಿನಲ್ಲಿ ಅದನ್ನು ಒಂದು ಅಮೆರಿಕನ್ ಡಾಲರಿಗೆ 7.80 ಅಂತ ಕಟ್ಟಿಹಾಕಬೇಕಾಯಿತು. ಮರುವರ್ಷ ಜಾರ್ಡಿನ್ ಮ್ಯಾಥಿಸನ್ ಕಂಪನಿ ತನ್ನ ನೋಂದಣಿಯನ್ನು ಬರ್ಮುಡಾಕ್ಕೆ ಒಯ್ಯುತ್ತೇನೆ ಅಂದಿತು. ವ್ಯಾಪಾರ ಅಲ್ಲೇ, ಕಾಗದಪತ್ರ ಮಾತ್ರ ಹೊರಗೆ. ಅಷ್ಟು ಜಾಣತನ ದೊಡ್ಡವರಿಗೆ ಇರುತ್ತದೆ.

ಗಡಿ ಕದಲದೆಯೂ ಕೆಲಸ ಕೆಡುತ್ತದೆ ಅನ್ನುವುದಕ್ಕೆ ಆಂಧ್ರ ತನ್ನ ರಾಜಧಾನಿ ಅಂತ ಕಟ್ಟಲು ಹೊರಟ ಅಮರಾವತಿ ಇದೆ. 2019ರಲ್ಲಿ ಆಂಧ್ರದ ಸರಕಾರ ಬದಲಾಯಿತು, ಮೂರು ರಾಜಧಾನಿ ಅಂದರು, ಕಟ್ಟಡಗಳು ಅರ್ಧಕ್ಕೆ ನಿಂತವು.

ನಿಮಗೆ ಅಂಥ ತಾರೀಖೂ ಇಲ್ಲ, ಮಾತುಕತೆಯೂ ಇಲ್ಲ. ಸುಮ್ನೆ ಗಡಿ ಗಡಿ ಅನ್ನುತ್ತೀರಿ, ನಿಮ್ಮ ಜಾಗ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಸರಕಾರಿ ಪಟ್ಟಿಯಲ್ಲಿ, ಗದ್ದೆ ಅಂತ ಇದೆಯಾ ನೋಡಿದ್ದೀರಾ? ಇದ್ದರೆ ಕೇರಳದ 2008ರ ಗದ್ದೆ ಸಂರಕ್ಷಣೆ ಕಾಯ್ದೆ ನಿಮ್ಮನ್ನು ಪಾಯ ತೆಗೆಯುವಾಗಲೇ ಹಿಡಿಯುತ್ತದೆ. ಮತ್ತೆ, ನಾನಾದರೆ ಆ ಸಾಲವನ್ನು ಎಂಟು ವರ್ಷಕ್ಕೆ ಇಳಿಸುತ್ತಿದ್ದೆ. ಆಫ್ರಿಕಾದಿಂದ ಬರುವ ಹಸಿ ಗೇರುಬೀಜದ ರೇಟು ನನಗೆ ಗಡಿಗಿಂತ ಜಾಸ್ತಿ ಹೆದರಿಕೆ. ಪುಕ್ಕಲ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಸಾಂಗ್ಲಿ ಜಿಲ್ಲೆಯ ಜತ್ತದಲ್ಲಿ ದಾಳಿಂಬೆಗೆ ಕೋಲ್ಡ್ ಸ್ಟೋರೇಜ್ ಹಾಕಬೇಕು. 2022ರ ಗಡಿ ಗಲಾಟೆ ಮತ್ತೆ ಎದ್ದರೆ?

ಉತ್ತರ: ಅಲ್ಲಿನ ಹಳ್ಳಿಗಳವರು ಸಿಟ್ಟಾಗಿದ್ದೇ ನೀರಿಲ್ಲ ಅಂತ. ದಾಳಿಂಬೆಗೆ ನೀರೆಲ್ಲಿಂದ ತರುತ್ತೀರಿ, ಮೊದಲು ಅದು ಹೇಳಿ.

ಪ್ರಶ್ನೆ: ಚಂದ್ರಗಿರಿ ಹೊಳೆಯ ಬಡಗು ಬದಿ ಜಾಗ ಕರ್ನಾಟಕಕ್ಕೆ ಹೋಗುತ್ತದೆ, ರೇಟು ಡಬಲ್ ಆಗುತ್ತದೆ ಅಂತ ಬ್ರೋಕರ್ ಹೇಳುತ್ತಾನೆ. ತೆಗೆದುಕೊಳ್ಳಲಾ?

ಉತ್ತರ: ಕಮಿಷನ್ನನ್ನು ಡಬಲ್ ಆದ ಮೇಲೆ ಕೊಡುತ್ತೇನೆ ಅಂತ ಹೇಳಿ ನೋಡಿ.