ಕೆಲಸಕ್ಕೆ ಅರ್ಜಿ ಹಾಕುವಷ್ಟು ಪ್ರೋಗ್ರಾಮಿಂಗ್ ಬಂದಿದೆ ಎಂದು ತಿಳಿಯುವುದು ಹೇಗೆ?

ಪೈಥಾನ್ ಕೋರ್ಸ್ ಮುಗಿಸಿದ್ದೀರಿ, ದಾವಣಗೆರೆಯಲ್ಲಿದ್ದೀರಿ, ಅರ್ಜಿ ಹಾಕುವ ಮೊದಲು ಇನ್ನೊಂದು ಕೋರ್ಸ್ ಸೇರಲೇ ಎಂದು ಕೇಳಿದ್ದೀರಿ. ಸೇರಬೇಡಿ. ಇದೇ ಊರಿನಲ್ಲಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುವ ಸಣ್ಣ ಕಚೇರಿ ನಮ್ಮದು. ಹೊಸಬರನ್ನು ಆರಿಸುವಾಗ ನಾನು ಪ್ರಮಾಣಪತ್ರಗಳನ್ನು ತಿರುವಿ ನೋಡುವುದಿಲ್ಲ. ಕಲಿತದ್ದು ಸಾಲದೆಂಬ ಅಳುಕಿನಲ್ಲಿ ನಮ್ಮ ಮಕ್ಕಳು ಕೋರ್ಸಿನ ಮೇಲೆ ಕೋರ್ಸಿಗೆ ಹಣ ಸುರಿಯುವುದನ್ನು ಕಂಡು ಸಂಕಟವಾಗುತ್ತದೆ.

ಬದಲಿಗೆ, ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದಕ್ಕೆ ಮೆಕ್ಕೆಜೋಳದ ಲೆಕ್ಕದ ಪ್ರೋಗ್ರಾಂ ಬರೆಯಿರಿ: ರೈತರ ಹೆಸರು, ಊರು, ಚೀಲ, ತೂಕ, ಕ್ವಿಂಟಲ್ ದರ, ಕೈಗೆ ಬರುವ ಮೊತ್ತ. ಪೈಥಾನ್‌ನ ಅಧಿಕೃತ ಕೈಪಿಡಿ ನೋಡಬಹುದು, ವಿಡಿಯೊ ಬೇಡ. ಗುಣಾಕಾರ ಯಾರಿಗಾದರೂ ಬರುತ್ತದೆ. ತೊಡಕು ಶುರುವಾಗುವುದು ಅದರ ನಂತರ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಏಕೆಂದರೆ 0.1 ಕಂಪ್ಯೂಟರಿನ 0-1ರ ಲೆಕ್ಕವಾದ ಬೈನರಿಯಲ್ಲಿ ನಿಖರವಾಗಿ ಕೂರುವುದಿಲ್ಲ. ಹಾಗಾದರೆ ರೈತರ ದುಡ್ಡನ್ನು ಹೇಗೆ ಇಡುತ್ತೀರಿ? ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿಯೋ, ದಶಾಂಶಗಳನ್ನು ನಿಖರವಾಗಿ ಇಡುವ ಡೆಸಿಮಲ್ ಮಾಡ್ಯೂಲ್ ಬಳಸಿಯೋ? ಊರಿನ ಜಾಗದಲ್ಲಿ ‘ದಾವಣಗೆರೆ’ ಎಂದು ತುಂಬಿ ಉದ್ದ ಕೇಳಿ. ಕಣ್ಣಿಗೆ ಕಾಣುವುದು 5 ಅಕ್ಷರ, ಕಾಗುಣಿತದ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸಿ ಪೈಥಾನ್ 8 ಎನ್ನುತ್ತದೆ, ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಉಳಿಸಿದರೆ 24 ಬೈಟ್. ಚೀಟಿಯಲ್ಲಿ ಹೆಸರು ಅರ್ಧಕ್ಕೆ ತುಂಡಾದಾಗ ಕಾರಣ ಹುಡುಕಬೇಕಾದವರು ನೀವೇ. ತೂಕ ತುಂಬದೆ ಬಿಟ್ಟರೆ ಏನಾಗಬೇಕು ಎಂಬುದನ್ನೂ ತೀರ್ಮಾನಿಸಿ.

ಇದಾದ ಮೇಲೆ ಗೆಳೆಯರೊಬ್ಬರ ಪ್ರೋಗ್ರಾಂ ಪಡೆದುಕೊಳ್ಳಿ. ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳಿರುವ ಊರಿನಲ್ಲಿ ಜೊತೆಗಾರರಿಗೆ ಬರವಿಲ್ಲ. ಅದರಲ್ಲೊಂದು ದೋಷ ಅಡಗಿಸಿಡಲು ಅವರಿಗೇ ಹೇಳಿ. ನನ್ನ ದೃಷ್ಟಿಯಲ್ಲಿ ನಿಜವಾದ ಪರೀಕ್ಷೆ ಇದು, ಏಕೆಂದರೆ ಕೆಲಸಕ್ಕೆ ಸೇರಿದ ಮೇಲೆ ದಿನದ ಹೆಚ್ಚು ಹೊತ್ತು ಬೇರೆಯವರು ಬರೆದದ್ದನ್ನು ಓದುವುದರಲ್ಲೇ ಹೋಗುತ್ತದೆ. ದೋಷದ ಸಂದೇಶವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾ ಹೋಗಿ, ತಪ್ಪಿರುವ ಜಾಗ ಹಿಡಿದು, ತಿದ್ದಿ, ಏನು ತಿದ್ದಿದೆ, ಏಕೆ ತಿದ್ದಿದೆ ಎಂದು, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಎರಡು ಸಾಲು ಬರೆಯಲು ಬಂದರೆ ಅದೇ ವಾರ ಅರ್ಜಿ ಹಾಕಿ. ಎಲ್ಲವೂ ನೆನಪಿನಲ್ಲಿರಬೇಕೆಂದು ಯಾರೂ ಬಯಸುವುದಿಲ್ಲ. ಹುಡುಕಿ ನೋಡುವುದು ನಮ್ಮ ನಿತ್ಯದ ಕೆಲಸ.

ದೊಡ್ಡ ಕಂಪನಿಗಳ ಸಂದರ್ಶನಕ್ಕೆ ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ಬಗೆ), ಆಲ್ಗಾರಿದಮ್ (ಸಮಸ್ಯೆ ಬಿಡಿಸುವ ಹಂತಗಳು) ಇವುಗಳ ಅಭ್ಯಾಸ ಬೇರೆಯಾಗಿ ಬೇಕು. ಅದನ್ನು ಅರ್ಜಿ ಹಾಕುತ್ತಲೇ ಮಾಡಬಹುದು. ನಮ್ಮಂಥ ಸಣ್ಣ ಕಚೇರಿಗೆ ಬರುವುದಾದರೆ ಆ ಮೆಕ್ಕೆಜೋಳದ ಪ್ರೋಗ್ರಾಂ ತನ್ನಿ. ರೈತರು ಮೊದಲೇ ಪಡೆದ ಮುಂಗಡ ಹಣವನ್ನು ಕಳೆಯುವಂತೆ ಅದನ್ನು ನಮ್ಮೆದುರೇ ಬದಲಿಸಲು ಹೇಳುತ್ತೇವೆ.