ಮುಟ್ಟದೆ ಮಂಡಿ ಬಗ್ಗಿಸುವುದು ಹೇಗೆ?

ಪ್ರಶ್ನೆ: ನಾನು ಫಿಸಿಯೋಥೆರಪಿಸ್ಟ್. ಆರು ವರ್ಷದ ಅನುಭವ ಇದೆ, ಕ್ಲಿನಿಕ್‌ನಲ್ಲಿ ಏನೂ ತೊಂದರೆ ಇಲ್ಲ. ವಿಡಿಯೋ ಕಾಲ್‌ಗೆ ಕೂತರೆ ಮಾತ್ರ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ರೋಗಿಗಳೂ ಎರಡು ಸಲ ಬಂದು ಬಿಟ್ಟುಬಿಡುತ್ತಾರೆ. ಒಳ್ಳೆಯ ಕ್ಯಾಮೆರಾ ತಗೊಳ್ಳಬೇಕಾ, ಕೋರ್ಸ್ ಮಾಡಬೇಕಾ?

ಉತ್ತರ: ಕ್ಯಾಮೆರಾ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಪೆಟ್ಟು ಬೀಳುತ್ತಿರುವುದು ಬೇರೆ ಕಡೆ. ಕ್ಲಿನಿಕ್‌ನಲ್ಲಿ ನಾವು ಅರ್ಧ ಮಾತು ಬಾಯಲ್ಲಿ ಆಡಿ, ಉಳಿದರ್ಧ ಕೈಯಲ್ಲಿ ಹೇಳುತ್ತೇವೆ. 'ಹೀಗೆ, ಇನ್ನೂ ಸ್ವಲ್ಪ, ಹಾಂ' ಅಂದರೆ ಸಾಕು, ಯಾಕಂದ್ರೆ ನಮ್ಮ ಅಂಗೈ ಅವರ ಮಂಡಿ ಕೆಳಗಿರುತ್ತದೆ. ಫೋನಿನಲ್ಲಿ 'ಹೀಗೆ' ಅಂದರೆ ಹೇಗೆ?

ಒಮ್ಮೆ ರೋಗಿಯ ಒಪ್ಪಿಗೆ ತಗೊಂಡು ನನ್ನದೇ ಸೆಷನ್ ರೆಕಾರ್ಡ್ ಮಾಡಿ ಕೇಳಿದೆ. ನಾಚಿಕೆಯಾಯಿತು. 'ಕುರ್ಚಿ ತುದಿಗೆ ಬನ್ನಿ, ಪಾದ ಹಿಂದೆ ತಗೊಳ್ಳಿ, ಮುಂದೆ ಬಾಗಿ ಏಳಿ, ಮಂಡಿ ಒಳಗೆ ಬರದ ಹಾಗೆ ನೋಡ್ಕೊಳ್ಳಿ' ಅಂತ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೆ, ಆ ಹಿರಿಯರು ಪಾಪ ಅರ್ಧ ಎದ್ದು ಅಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಧ್ವನಿ ತಡವಾಗಿ ತಲುಪುತ್ತದಲ್ವಾ, ಮೂರನೇ ಮಾತು ಹೊರಡುವಾಗ ಅವರಿಗೆ ಮೊದಲನೆಯದೇ ಮುಗಿದಿರಲಿಲ್ಲ. ಈಗ ಒಂದು ಹೇಳುತ್ತೇನೆ, ಸುಮ್ನೆ ಕಾಯುತ್ತೇನೆ, ನೋಡಿ ಮುಂದಿನದು ಹೇಳುತ್ತೇನೆ. ಬಲ, ಎಡ ಅನ್ನುವುದನ್ನೂ ಬಿಟ್ಟೆ. ಎದುರು ಕೂತು ಮಾಡಿ ತೋರಿಸಿದರೆ ಅದು ಅದಲುಬದಲಾಗುತ್ತದೆ. 'ಆಪರೇಷನ್ ಆದ ಕಾಲು' ಅಂದರೆ ಗೊಂದಲವಿಲ್ಲ.

ನಿಮ್ಮ ಕ್ಯಾಮೆರಾಗಿಂತ ಅವರ ಫೋನ್ ಎಲ್ಲಿದೆ ಅನ್ನುವುದು ಮುಖ್ಯ. ಅಡ್ಡ ಇಡಿಸಿ, ಸೊಂಟದ ಎತ್ತರಕ್ಕೆ, ಇಡೀ ಮೈ ಕಾಣುವಷ್ಟು ದೂರ. ಮಂಡಿ ಎಷ್ಟು ಬಗ್ಗುತ್ತದೆ ಅಂತ ನೋಡಲು ಪಕ್ಕದಿಂದ, ಒಳಗೆ ವಾಲುತ್ತದಾ ಅಂತ ನೋಡಲು ಎದುರಿನಿಂದ. ಕಿಟಕಿ ಬೆನ್ನ ಹಿಂದೆ ಇದ್ದರೆ ಬರೀ ನೆರಳು ಕಾಣುತ್ತದೆ.

ಇದಕ್ಕೆಲ್ಲ ಮೊದಲು ಪ್ರತಿ ಸಲವೂ ಕೇಳಬೇಕಾದ್ದು: ಈಗ ಎಲ್ಲಿದ್ದೀರಿ, ಪೂರ್ತಿ ವಿಳಾಸ ಏನು, ಪಕ್ಕದಲ್ಲಿ ಯಾರಿದ್ದಾರೆ, ಕಾಲ್ ಕಟ್ಟಾದರೆ ಯಾವ ನಂಬರಿಗೆ ಮಾಡಲಿ. ಅವರು ಬಿದ್ದ ಮೇಲೆ ವಿಳಾಸ ಹುಡುಕುವ ಪಾಡು ಬೇಡ.

ಪರೀಕ್ಷೆಗಳಲ್ಲಿ ಕೆಲವು ಚೆನ್ನಾಗೇ ನಡೆಯುತ್ತವೆ. ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈ ಎದೆ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸಬಹುದು. ಎದ್ದು 3 ಮೀಟರ್ ನಡೆದು ವಾಪಸ್ ಬಂದು ಕೂರುವ ಪರೀಕ್ಷೆಯಲ್ಲಿ ಅರ್ಧ ದಾರಿಗೆ ಅವರು ಫೋನಿನಿಂದ ಮಾಯವಾಗುತ್ತಾರೆ. ತೂರಾಡುವವರಾದರೆ, ಪಕ್ಕದಲ್ಲಿ ಹಿಡಿಯುವವರಿಲ್ಲದೆ ಮಾಡಿಸಲೇಬೇಡಿ. ಸ್ನಾಯುವಿನ ಬಿಗಿತ ಮುಟ್ಟದೆ ತಿಳಿಯುವುದಿಲ್ಲ. 'ನೋಡಲಾಗಲಿಲ್ಲ' ಅಂತ ಫೈಲಿನಲ್ಲಿ ಬರೆಯಿರಿ, ಅಂದಾಜಿನಲ್ಲಿ ತುಂಬಬೇಡಿ.

ರೋಗಿಗಳು ಬಿಡುವುದಕ್ಕೆ ವಿಡಿಯೋ ಒಂದೇ ಕಾರಣ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಮಂಡಿ ಬದಲಿಸಿಕೊಂಡ 205 ಜನರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಥೆರಪಿಸ್ಟ್ ಮನೆಗೇ ಬಂದು ನೋಡಿದವರಿಗಿಂತ ವಿಡಿಯೋದಲ್ಲಿ ವ್ಯಾಯಾಮ ಮಾಡಿದವರು ಹಿಂದೆ ಬೀಳಲಿಲ್ಲ.

ಕೋರ್ಸ್ ಬಗ್ಗೆ: ನೀವು ಸೆಷನ್ ಮಾಡುವುದನ್ನು ಯಾರಾದರೂ ನೋಡಿ ತಿದ್ದುತ್ತಾರೆ ಅನ್ನುವುದಾದರೆ ಸೇರಿ. ಬರೀ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವುದಾದರೆ ಬೇಡ. ಅದಕ್ಕಿಂತ ಸಹೋದ್ಯೋಗಿಯೊಬ್ಬರ ಜೊತೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಒಂದು ವ್ಯಾಯಾಮ ಹೇಳಿಕೊಡಿ. ನೀವು ಹೇಳಿದ್ದನ್ನಷ್ಟೇ ಅವರು ಮಾಡಬೇಕು, ಊಹಿಸಿ ಮಾಡುವ ಹಾಗಿಲ್ಲ. ಆಮೇಲೆ ತಿರುಗಿ ನೋಡಿ. ಮೊದಲ ಸಲ ಜಾಸ್ತಿ ನಗು ಬರುತ್ತದೆ.

ಪ್ರಶ್ನೆ: ನಾನು ಸ್ಪೀಚ್ ಥೆರಪಿಸ್ಟ್. ಮಗು 'ಸ' ಸರಿಯಾಗಿ ಹೇಳುತ್ತಿದೆಯಾ ಅಂತ ಕಾಲ್‌ನಲ್ಲಿ ಗೊತ್ತೇ ಆಗುವುದಿಲ್ಲ. ನನ್ನ ಕಿವಿಯದೇ ದೋಷವಾ?

ಉತ್ತರ: ಕಿವಿ ಸರಿಯಾಗೇ ಇದೆ. 'ಸ' ಅನ್ನುವುದು ಹೆಚ್ಚು ಕಂಪನಾಂಕದ, ಅಂದರೆ ತೀಕ್ಷ್ಣವಾದ, ಗಾಳಿ ಸೀಳುವ ಸದ್ದು. ಆ್ಯಪ್‌ಗಳು ಗದ್ದಲ ಅಂತ ತಿಳಿದು ಅದನ್ನೂ ಅಳಿಸಬಹುದು. ಗದ್ದಲ ತಗ್ಗಿಸುವ ಸೆಟ್ಟಿಂಗ್ ಎರಡೂ ಕಡೆ ಆಫ್ ಮಾಡಿಸಿ. ತೀರ್ಪು ಕೊಡುವ ಮೊದಲು, ಕಾಲ್ ಆದ ಮೇಲೆ ಫೋನಿನಲ್ಲೇ ಹತ್ತು ಪದ ರೆಕಾರ್ಡ್ ಮಾಡಿ ಕಳಿಸಲು ಮನೆಯವರಿಗೆ ಹೇಳಿ. ಮಗು 'ಸರ' ಅಂದಿತಾ 'ತರ' ಅಂದಿತಾ ಅನ್ನುವುದು ಹೆಚ್ಚಾಗಿ ಅದರಲ್ಲಿ ಸ್ಪಷ್ಟವಾಗುತ್ತದೆ.