ಪ್ರಾಜೆಕ್ಟ್ ಮುಗ್ಗರಿಸುವುದು ಎಲ್ಲಿ? ಸಾಫ್ಟ್‌ವೇರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘಕ್ಕೆ ಹೊಸ ಸಾಫ್ಟ್‌ವೇರ್ ತಯಾರಾಗುತ್ತಿದೆ. ಹದಿನೈದು ವರ್ಷದ ಸದಸ್ಯರ ದಾಖಲೆ ಹಳೆಯ ನುಡಿ ಫಾಂಟ್‌ನಲ್ಲಿದೆ. ಅದನ್ನು ವರ್ಗಾಯಿಸಲು ಕೊನೆಯ ಒಂದು ವಾರ ಸಾಕು ಎನ್ನುತ್ತಿದ್ದಾರೆ. ನಂಬಬಹುದೇ? (ಶಿರಸಿ)

ಉತ್ತರ: ನಂಬಬೇಡಿ. ನಿಮ್ಮ ಪ್ರಾಜೆಕ್ಟಿನ ಅತಿ ದೊಡ್ಡ ಅಪಾಯ ಇದೇ. ಈ ಕೆಲಸ ಮೊದಲ ವಾರದಲ್ಲೇ ಶುರುವಾಗಬೇಕು.

ಹಳೆಯ ನುಡಿ, ಬರಹ ಫಾಂಟ್‌ಗಳ ಕಡತದಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಜಾಗದಲ್ಲಿ ಕೂರಿಸಿದ ಅಕ್ಷರದ ತುಂಡುಗಳು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಗೆ ತರುವಾಗ ತುಂಡುಗಳನ್ನು ಜೋಡಿಸಿದರೆ ಸಾಲದು, ಕ್ರಮವನ್ನೂ ತಿರುಗಿಸಬೇಕು. 'ಸೂರ್ಯ' ಎನ್ನುವಲ್ಲಿ ಹಳೆಯ ಕಡತದಲ್ಲಿ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ರಕಾರ ಮೊದಲು, ನಂತರ ಹಲಂತ, ಕೊನೆಗೆ ಯಕಾರ. ಒಳ್ಳೆಯ ಪರಿವರ್ತಕಗಳು ಇದನ್ನು ಮಾಡುತ್ತವೆ. ಅವು ಸೋಲುವುದು ಟೈಪಿಸ್ಟ್ ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನೂ ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನೂ ಒತ್ತಿರುವ ಕಡೆ. 'ಸೂಯ೯ಕಾ೦ತ' ಎಂದು ದಾಖಲಾದವರು ಕಣ್ಣಿಗೆ ಸೂರ್ಯಕಾಂತರೇ, ಆದರೆ ಕಂಪ್ಯೂಟರಿಗೆ ಬೇರೆ ಮನುಷ್ಯ. ಕೌಂಟರ್‌ನಲ್ಲಿ ಹುಡುಕಿದರೆ ಹೆಸರು ಸಿಗುವುದಿಲ್ಲ. ಗುಮಾಸ್ತರು ಹೊಸ ಖಾತೆ ತೆರೆಯುತ್ತಾರೆ. ಆಮೇಲೆ ಸಾಲ ಒಂದು ಖಾತೆಯಲ್ಲಿ, ಷೇರು ಇನ್ನೊಂದರಲ್ಲಿ.

ಯೂನಿಕೋಡ್ ಆದ ಮೇಲೂ ಒಂದು ತೊಡಕಿದೆ. 'ಗೋ' ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ನೋಟ ಒಂದೇ, ಹೋಲಿಸಿದರೆ ಬೇರೆ. ಆದ್ದರಿಂದ ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್‌ನ ಏಕರೂಪ) ತಂದೇ ಉಳಿಸುವಂತೆ ಡೆವಲಪರ್‌ಗಳಿಗೆ ಹೇಳಿ. ಹುಡುಕಾಟದ ಪೆಟ್ಟಿಗೆಗೂ ಇದೇ ನಿಯಮ.

ಮೊದಲು 500 ದಾಖಲೆ ತೆಗೆದುಕೊಳ್ಳಿ. ಕಣ್ಣಿಗೆ ಬಿದ್ದವನ್ನಲ್ಲ, ಒತ್ತಕ್ಷರ, ಅರ್ಕಾವತ್ತು, ಋಕಾರ ಇರುವ ಹೆಸರುಗಳನ್ನೇ ಆರಿಸಿ. ಪರಿವರ್ತನೆಯಾದ ಮೇಲೆ ಹೆಸರಿನ ನಡುವೆ ಕನ್ನಡ ಅಂಕಿ ಇರುವ ದಾಖಲೆಗಳನ್ನೆಲ್ಲ ಒಂದು ಪಟ್ಟಿ ಮಾಡಿಸಿ, ಊರಿನವರ ಪರಿಚಯವಿರುವ ಸಿಬ್ಬಂದಿ ಕೂತು ತಿದ್ದಲಿ. ಹುಟ್ಟಿದ ದಿನ ಗೊತ್ತಿಲ್ಲದ ಕಡೆ 01-01-1900 ಎಂದು ತುಂಬಿದ್ದರೆ ಅದನ್ನೂ ಹಿಡಿಯಿರಿ. ಇಲ್ಲದಿದ್ದರೆ ಮೂವತ್ತರ ಯುವಕನ ಠೇವಣಿಗೂ ಹಿರಿಯ ನಾಗರಿಕರ ಬಡ್ಡಿ ಬೀಳುತ್ತದೆ.

ಬಳಿಕ ಪೂರ್ತಿ ದಾಖಲೆಯೊಂದಿಗೆ ಕನಿಷ್ಠ ಮೂರು ತಾಲೀಮು ನಡೆಯಲಿ. ಪ್ರತಿ ಸಲವೂ ಷೇರು ಬಂಡವಾಳ, ಠೇವಣಿ, ಸಾಲದ ಬಾಕಿ, ಬರಬೇಕಾದ ಬಡ್ಡಿ, ಈ ನಾಲ್ಕರ ಮೊತ್ತ ಹಳೆಯದರಲ್ಲಿ ಎಷ್ಟೋ ಹೊಸದರಲ್ಲೂ ಅಷ್ಟೇ ಬರಬೇಕು, ಪೈಸೆಯ ಲೆಕ್ಕದಲ್ಲಿ. ತಾಲೀಮಿಗೆ ಹಿಡಿದ ಗಂಟೆಗಳನ್ನು ಬರೆದಿಡಿ. ನಿಜವಾದ ವರ್ಗಾವಣೆಯನ್ನು ಶನಿವಾರ ಸಂಜೆ ಆರಂಭಿಸಿ ಭಾನುವಾರ ಮಧ್ಯಾಹ್ನ 2ಕ್ಕೆ ಲೆಕ್ಕ ತಾಳೆಯಾಗದಿದ್ದರೆ ಹಳೆಯದಕ್ಕೇ ಮರಳುವುದು ಎಂದು ಮೊದಲೇ ತೀರ್ಮಾನಿಸಿ, ಆಡಳಿತ ಮಂಡಳಿಯ ಸಹಿ ಹಾಕಿಸಿ. ನಿದ್ದೆಗೆಟ್ಟ ರಾತ್ರಿಯಲ್ಲಿ ಆ ತೀರ್ಮಾನ ಯಾರಿಂದಲೂ ಸರಿಯಾಗಿ ಆಗುವುದಿಲ್ಲ.

ಪ್ರಶ್ನೆ: ಹಳೆಯ ಪ್ರಾಜೆಕ್ಟಿನಲ್ಲಿ ಐದು ವರ್ಷ ಒಂದೂ ದೋಷವಿಲ್ಲದೆ ನಡೆದ ಕೋಡ್ ಅನ್ನೇ ಹೊಸದಕ್ಕೆ ಬಳಸುತ್ತಿದ್ದೇವೆ. ಅದನ್ನು ಮತ್ತೆ ಪರೀಕ್ಷಿಸಬೇಕೇ? (ಮೈಸೂರು)

ಉತ್ತರ: ಖಂಡಿತ. ಆ ಕೋಡ್ ಹಳೆಯ ಪರಿಸ್ಥಿತಿಯಲ್ಲಿ ನಡೆಯಿತು ಎಂಬುದಷ್ಟೇ ಸಾಬೀತಾಗಿರುವುದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, 40 ಸೆಕೆಂಡು ಕಳೆಯುವಷ್ಟರಲ್ಲಿ ನಾಶವಾಯಿತು. ದಿಕ್ಕು ತೋರುವ ಉಪಕರಣದ ಸಾಫ್ಟ್‌ವೇರ್ ಏರಿಯಾನ್ 4ರಿಂದ ಬಂದದ್ದು. ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್ ಸಂಖ್ಯೆಯೊಂದನ್ನು ಅದು 16 ಬಿಟ್ ಪೂರ್ಣಾಂಕಕ್ಕೆ ಇಳಿಸುತ್ತಿತ್ತು. ಅಲ್ಲಿ ಹಿಡಿಸುವುದು 32,767ರವರೆಗೆ ಮಾತ್ರ. ಏರಿಯಾನ್ 4ರ ಪಥದಲ್ಲಿ ಆ ಮಿತಿ ಮೀರುವ ಸಂಭವವಿರಲಿಲ್ಲ. ಏರಿಯಾನ್ 5 ಇನ್ನೂ ವೇಗವಾಗಿ ಅಡ್ಡಕ್ಕೆ ಸಾಗುತ್ತಿತ್ತು. ಬದಲಿ ಉಪಕರಣವೂ ಇತ್ತು, ಆದರೆ ಅದರಲ್ಲೂ ಅದೇ ಕೋಡ್, ಅದೂ ಅದೇ ಕಾರಣಕ್ಕೆ ಕೈಕೊಟ್ಟಿತು. ಎಲ್ಲಕ್ಕಿಂತ ನೋವಿನ ಸಂಗತಿ, ಲೆಕ್ಕ ತಪ್ಪಿದ ಆ ಭಾಗಕ್ಕೆ ರಾಕೆಟ್ ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ.

ನಿಮ್ಮ ಕೋಡ್‌ಗೆ ಬರುವ ಪ್ರತಿ ಸಂಖ್ಯೆ, ದಿನಾಂಕ, ಹೆಸರಿನ ಉದ್ದ, ಏಕಕಾಲದ ಬಳಕೆದಾರರ ಸಂಖ್ಯೆ, ಇವುಗಳ ಹಳೆಯ ಮಿತಿಯನ್ನೂ ಹೊಸ ಮಿತಿಯನ್ನೂ ಅಕ್ಕಪಕ್ಕ ಬರೆಯಿರಿ. ಹೊಸದು ಎಲ್ಲೆಲ್ಲಿ ದೊಡ್ಡದೋ ಅಲ್ಲೆಲ್ಲ ಪರೀಕ್ಷೆ ಬೇಕು. ಹೊಸ ಪ್ರಾಜೆಕ್ಟಿಗೆ ಬೇಡದ ಭಾಗಗಳನ್ನು ಕಿತ್ತುಹಾಕಿ.

ಪ್ರಶ್ನೆ: ಬಿಡುಗಡೆಯ ದಿನ ಎಲ್ಲ ಸರ್ವರ್‌ಗಳಿಗೂ ಹೊಸ ಕೋಡ್ ಹಾಕುವುದು ನಮ್ಮಲ್ಲಿ ಒಬ್ಬರೇ, ಅದೂ ಕೈಯಾರೆ. ಇದು ಅಪಾಯವೇ? (ಬೆಂಗಳೂರು)

ಉತ್ತರ: ಹೌದು, ಒಂದು ಕಂಪನಿಯನ್ನೇ ಮುಳುಗಿಸುವಷ್ಟು. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 2012ರಲ್ಲಿ ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಒಂದಕ್ಕೆ ಹಾಕುವುದು ತಪ್ಪಿಹೋಯಿತು, ಇನ್ನೊಬ್ಬರು ನೋಡಿ ಖಾತ್ರಿಪಡಿಸುವ ಪದ್ಧತಿಯೂ ಇರಲಿಲ್ಲ. ಹೊಸ ಕೋಡ್ ಚಾಲೂ ಮಾಡಲು ಬಳಸಿದ ಸ್ವಿಚ್ (ಸಾಫ್ಟ್‌ವೇರ್‌ನೊಳಗಿನ ಆನ್-ಆಫ್ ಗುರುತು) ಒಂದು ಕಾಲದಲ್ಲಿ, ವರ್ಷಗಳಿಂದ ಬಳಕೆ ತಪ್ಪಿದ್ದ ಬೇರೊಂದು ಕೋಡ್‌ನದ್ದಾಗಿತ್ತು. ಆಗಸ್ಟ್ 1ರ ಬೆಳಿಗ್ಗೆ ಎಂಟನೇ ಸರ್ವರ್‌ನಲ್ಲಿ ಆ ಹಳೆಯ ಕೋಡ್ ಎಚ್ಚೆತ್ತು ಎಡೆಬಿಡದೆ ಆರ್ಡರ್ ಕಳಿಸತೊಡಗಿತು. ಗಾಬರಿಯಲ್ಲಿ ಉಳಿದ ಏಳರಿಂದ ಹೊಸ ಕೋಡ್ ತೆಗೆದರು, ಅಲ್ಲಿಯೂ ಅದೇ ಶುರುವಾಯಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 40 ಕೋಟಿ ಡಾಲರ್‌ಗೂ ಮೇಲೆ.

ಸ್ಕ್ರಿಪ್ಟ್ ಮೂಲಕವೇ ಕೋಡ್ ಹಾಕಿ. ಪ್ರತಿ ಸರ್ವರ್‌ನ ಆವೃತ್ತಿ ಸಂಖ್ಯೆ ಒಂದೇ ಪರದೆಯಲ್ಲಿ ಕಾಣಲಿ, ಒಂದು ಬೇರೆಯಿದ್ದರೂ ಬಿಡುಗಡೆ ತಾನಾಗಿ ನಿಲ್ಲಲಿ. ಸತ್ತ ಕೋಡ್ ಅಳಿಸಿ, ಹಳೆಯ ಸ್ವಿಚ್‌ಗೆ ಹೊಸ ಅರ್ಥ ಕೊಡಬೇಡಿ. ಎಲ್ಲವನ್ನೂ ನಿಲ್ಲಿಸುವ ಗುಂಡಿ ಎಲ್ಲಿದೆ, ಅದನ್ನು ಒತ್ತುವ ಅಧಿಕಾರ ಯಾರದು ಎಂಬುದು ರಾತ್ರಿ ಪಾಳಿಯವರಿಗೂ ಗೊತ್ತಿರಲಿ.

ಪ್ರಶ್ನೆ: ಕೆಲಸ ಎರಡು ತಿಂಗಳು ಹಿಂದೆ ಬಿದ್ದಿದೆ. ಐವರ ತಂಡಕ್ಕೆ ಇನ್ನೂ ನಾಲ್ವರನ್ನು ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ? (ಹುಬ್ಬಳ್ಳಿ)

ಉತ್ತರ: ಬಿಡುಗಡೆಗೆ ಮೂರು ತಿಂಗಳೊಳಗೆ ಇದ್ದರೆ ಬೇಡ. ಐವರ ನಡುವೆ ಮಾತುಕತೆಯ ಜೋಡಿಗಳು 10, ಒಂಬತ್ತು ಜನರಾದರೆ 36. ಹೊಸಬರಿಗೆ ಹೇಳಿಕೊಡುವವರು ನಿಮ್ಮ ಅತ್ಯುತ್ತಮ ಇಬ್ಬರೇ ಆಗಿರುತ್ತಾರೆ, ಅವರ ಕೆಲಸ ನಿಲ್ಲುತ್ತದೆ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು, ಐಬಿಎಂನ ದೊಡ್ಡ ಪ್ರಾಜೆಕ್ಟ್ ನಡೆಸಿ ಕಂಡ ಮೇಲೆ. ಕೊಡುವುದೇ ಆದರೆ ಕೋಡ್ ಮುಟ್ಟದೆ ಮಾಡಬಹುದಾದ ಕೆಲಸಕ್ಕೆ ಒಬ್ಬಿಬ್ಬರನ್ನು ಕೇಳಿ: ಪರೀಕ್ಷೆಯ ದತ್ತಾಂಶ ತಯಾರಿಸುವುದು, ಬಳಕೆದಾರರ ತರಬೇತಿ. ಉಳಿದಂತೆ ಗ್ರಾಹಕರ ಮುಂದೆ ಕೂತು ಮೊದಲ ಬಿಡುಗಡೆಗೆ ಯಾವುದು ಬೇಡ ಎಂದು ಪಟ್ಟಿ ಕತ್ತರಿಸಿ.

ಪ್ರಶ್ನೆ: ಅಪಾಯಗಳ ಪಟ್ಟಿ ಮಾಡಿದ್ದೇವೆ, 60 ಸಾಲು ಇದೆ. ಯಾರೂ ತೆರೆದು ನೋಡುವುದಿಲ್ಲ. (ಮಂಗಳೂರು)

ಉತ್ತರ: ಹತ್ತಕ್ಕೆ ಇಳಿಸಿ. 'ಸರ್ವರ್ ತಡವಾಗಬಹುದು' ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. 'ಸರ್ವರ್ 15ನೇ ತಾರೀಖಿಗೆ ಬಾರದಿದ್ದರೆ ಪರೀಕ್ಷೆ ಎರಡು ವಾರ ಹಿಂದೆ ಬೀಳುತ್ತದೆ. 8ಕ್ಕೆ ಸರಬರಾಜುದಾರರಿಗೆ ಫೋನ್ ಮಾಡುವುದು. ಖಚಿತ ಉತ್ತರ ಸಿಗದಿದ್ದರೆ ಅಂದೇ ಬಾಡಿಗೆಯ ಸರ್ವರ್ ಪಡೆಯುವುದು' ಎಂದು ಬರೆಯಿರಿ. ಪಕ್ಕದಲ್ಲಿ ಒಬ್ಬರದೇ ಹೆಸರಿರಲಿ, ತಂಡದ ಹೆಸರಲ್ಲ. ಸೋಮವಾರದ ಸಭೆ ಈ ಪಟ್ಟಿಯಿಂದಲೇ ಶುರುವಾಗಲಿ, ಹದಿನೈದು ನಿಮಿಷ ಸಾಕು. ಎರಡು ತಿಂಗಳಿಂದ ಒಂದಕ್ಷರವೂ ಬದಲಾಗದ ಸಾಲು ಇದ್ದರೆ, ಅದನ್ನು ಬರೆದವರನ್ನು ಅಂದೇ ಕರೆದು ಕೇಳಿ.